ಮೀನು ತಿನ್ನದ ಬೆಕ್ಕು

ಕಾರ್ಕಳದ ಆನೆಕೆರೆ ಹತ್ತಿರದ ಓಣಿಯಲ್ಲಿದ್ದ ಗುಣಪಾಲ ಮಾಸ್ಟ್ರ ಮನೆಯ ಬೆಕ್ಕು ಮೀನು ಮುಟ್ಟುವುದಿಲ್ಲ ಎಂಬ ಮಾತು ಒಂದು ಕಾಲದಲ್ಲಿ ಸುತ್ತಮುತ್ತ ಸಣ್ಣದಾಗಿ ಹೆಸರಾಗಿತ್ತು. ಹೆಸರು ಮಾಡಿದವರು ಸ್ವತಃ ಮಾಸ್ಟ್ರೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಹೆಚ್ಚು ಮಾತಿನವರಲ್ಲ. ಆದರೆ ಬೆಕ್ಕಿನ ವಿಷಯ ಬಂದರೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಮುಂದಕ್ಕೆಳೆದು ಕೂರುತ್ತಿದ್ದರು.

"ಜೈನರ ಮನೆಯ ಬೆಕ್ಕು ಮಾರಾಯ್ರೆ. ಹಾಲು, ಅನ್ನ, ಸ್ವಲ್ಪ ತುಪ್ಪ. ಅಭ್ಯಾಸ ಮಾಡಿಸಿದರೆ ಪ್ರಾಣಿಯ ಸ್ವಭಾವವೂ ಬದಲಾಗ್ತದೆ. ಕಣ್ಣಾರೆ ನೋಡ್ತಾ ಇದ್ದೇನೆ."

ಕೇಳಿದವರು ನಗುತ್ತಿದ್ದರು. ಸಂಜೆ ಮನೆಯಲ್ಲಿ ಆ ಮಾತು ಹೇಳಿದರೆ ಹೆಂಡತಿ ಪುಷ್ಪಾವತಿ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. ಕಾಫಿ ಮುಂದಿಟ್ಟು ಒಳಗೆ ಹೋಗುತ್ತಿದ್ದಳು.

ಬೆಕ್ಕು ನಿಜವಾಗಿ ಅವಳದೇ. ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿದ ಬಿಳಿ ಮರಿ. ಬಣ್ಣ ನೋಡಿ ಬೊಳ್ಳಿ ಎಂದು ಕರೆದಳು. ತುಳುವಿನಲ್ಲಿ ಬೊಳ್ಳಿ ಎಂದರೆ ಬೆಳ್ಳಿ. ಮಕ್ಕಳಿಲ್ಲದ ಮನೆಯಲ್ಲಿ ಬೊಳ್ಳಿ ಬೆಳೆಯಿತು. ಮಾಸ್ಟ್ರು ಬೆಳಿಗ್ಗೆ ಶಾಲೆಗೆ ಹೋಗಿ ಸಂಜೆ ಬರುತ್ತಿದ್ದರು. ಹೊತ್ತು ಮುಳುಗುವ ಮೊದಲು ಇಬ್ಬರೂ ಊಟ ಮುಗಿಸುತ್ತಿದ್ದರು. ಆಮೇಲೆ ಅವರು ಪೇಪರ್ ಓದುವುದು, ಅವಳು ಹೂಬತ್ತಿ ಹೊಸೆಯುವುದು, ಬೆಕ್ಕು ಇಬ್ಬರ ನಡುವೆ ಮಲಗುವುದು. ಅವರ ಸಂಸಾರ ಹಾಗೆ ಇತ್ತು. ಜಗಳವಿರಲಿಲ್ಲ.

ಎಂಬತ್ತೊಂದರಲ್ಲಿ ಪುಷ್ಪಾವತಿಗೆ ಕಾಮಾಲೆಯಾಯಿತು. ಕೆಲವೇ ವಾರಗಳಲ್ಲಿ ಅವಳು ಹೋಗಿಬಿಟ್ಟಳು.

ನೆಂಟರು ಬಂದರು, ಬಸದಿಯವರು ಬಂದರು, ಎಲ್ಲರೂ ಹೋದರು. ಮಾಸ್ಟ್ರು ಅನ್ನ ಬೇಯಿಸಲು ಕಲಿತರು. ಬೆಕ್ಕಿಗೂ ತಮಗೂ ಒಂದೇ ಪಾತ್ರೆಯಲ್ಲಿ ಬೇಯುತ್ತಿತ್ತು. ಅವರು ರಜೆ ಹಾಕಿ ಮನೆಯಲ್ಲಿದ್ದ ಆ ದಿನಗಳಲ್ಲಿ ಪ್ರತಿ ಮಧ್ಯಾಹ್ನ ಬೊಳ್ಳಿ ಹಿತ್ತಲ ಬಾಗಿಲ ಬಳಿ ನಿಂತು ಕೂಗುತ್ತಿತ್ತು. ಪುಷ್ಪಾವತಿಯನ್ನು ಹುಡುಕುತ್ತಿದೆ ಎಂದು ಅವರಿಗೆ ಅನಿಸಿತು. ಬಾಗಿಲು ತೆರೆದರೆ ಗೋಡೆ ಹಾರಿ ಮಾಯವಾಗಿ ಸಂಜೆಗೆ ಬರುತ್ತಿತ್ತು. ಒಂದು ದಿನ ಕತ್ತಲಾದರೂ ಬರಲಿಲ್ಲ. ಮಾಸ್ಟ್ರು ಟಾರ್ಚ್ ಹಿಡಿದು ಬಸ್ಸು ಓಡಾಡುವ ರಸ್ತೆಯವರೆಗೆ ಹೋಗಿ ಹುಡುಕಿ, ಮರಳಿ ಬಂದು ನೋಡಿದರೆ ಅದು ಮೆಟ್ಟಿಲ ಮೇಲೆ ಕೂತಿತ್ತು. ಅದನ್ನು ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದರು.

ಮರುದಿನವೇ ಆಚಾರಿಯನ್ನು ಕರೆಸಿ ಕಿಟಕಿಗಳಿಗೆ ತಂತಿಬಲೆ ಹೊಡೆಸಿದರು. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದರು.

"ಇನ್ನು ನೀನೂ ಹೋಗ್ಬೇಡ," ಎಂದು ಬೆಕ್ಕಿಗೆ ಹೇಳಿದರು.

ಮರುವರ್ಷ ಅವರು ನಿವೃತ್ತರಾದರು. ಆಮೇಲೆ ಮನೆಯಲ್ಲಿ ಇಡೀ ದಿನ ಮಾತು ಕೇಳಿಸುವುದೆಂದರೆ ಅವರು ಬೊಳ್ಳಿಗೆ ಆಡುವುದೇ. ಹಾಲಿನವನೊಂದಿಗೆ ಒಂದೆರಡು ಮಾತು, ಬಸದಿಯಲ್ಲಿ ಒಂದು ನಮಸ್ಕಾರ. ಉಳಿದಂತೆ ಗಡಿಯಾರ.

ಎಂಬತ್ತಮೂರರ ಬೇಸಿಗೆಯಲ್ಲಿ ಬೊಳ್ಳಿ ಕುರ್ಚಿಯ ಕಾಲಿಗೆ ಢಿಕ್ಕಿ ಹೊಡೆಯಿತು. ಮಾಸ್ಟ್ರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಗೋಡೆಗೆ ತಾಗಿತು. ತಟ್ಟೆ ಮುಂದಿಟ್ಟರೆ ಮೂಸಿ ಹುಡುಕಿ ಬರುತ್ತಿತ್ತು. ನಡು ಮಧ್ಯಾಹ್ನದ ಬೆಳಕಿನಲ್ಲೂ ಅದರ ಕಣ್ಣಿನ ಪಾಪೆ ಅಗಲವಾಗಿ, ಒಳಗೆ ದೀಪವಿಟ್ಟ ಹಾಗೆ ಹೊಳೆಯುತ್ತಿತ್ತು. ಮೈಯ ರೋಮ ಒರಟಾಗಿ ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಮಾಸ್ಟ್ರು ಅದರ ಕಣ್ಣ ಮುಂದೆ ಬೆರಳು ಆಡಿಸಿದರು. ಬೊಳ್ಳಿ ರೆಪ್ಪೆ ಮಿಟುಕಿಸಲಿಲ್ಲ.

ಬುಟ್ಟಿಯಲ್ಲಿ ಹಾಕಿ ದನದ ಆಸ್ಪತ್ರೆಗೆ ಕೊಂಡುಹೋದರು. ಡಾಕ್ಟರು ಒಳ್ಳೆಯ ಮನುಷ್ಯ. ಕಣ್ಣಿಗೆ ಬೆಳಕು ಬಿಟ್ಟು ನೋಡಿ ತಲೆಯಾಡಿಸಿದರು.

"ದೃಷ್ಟಿ ಹೋಗಿದೆ ಮಾಸ್ಟ್ರೇ. ನನಗೆ ದನ, ಎಮ್ಮೆ ಗೊತ್ತು. ಬೆಕ್ಕನ್ನು ಇಲ್ಲಿಗೆ ಯಾರೂ ತರುವುದಿಲ್ಲ. ಮೀನು ಕೊಡ್ತೀರಾ ಇದಕ್ಕೆ?"

"ಇಲ್ಲ."

"ಹಾಗಾದರೆ ಕೊಟ್ಟು ನೋಡಿ. ಅದಕ್ಕೆ ಬೇಕಾದದ್ದು ಅದು."

ಮಾಸ್ಟ್ರು ಬುಟ್ಟಿ ಎತ್ತಿಕೊಂಡು ಮನೆಗೆ ಬಂದರು. ಅವರ ಮನೆಯೊಳಗೆ ಮೊಟ್ಟೆಯ ಸಿಪ್ಪೆ ಕೂಡ ಬಂದದ್ದಿಲ್ಲ. ಓಣಿಯಲ್ಲಿ ಮೀನಿನವಳ ಕೂಗು ಕೇಳಿದರೆ ಅವರ ಅಮ್ಮ ಎದುರಿನ ಬಾಗಿಲು ಮುಚ್ಚುತ್ತಿದ್ದರು. ಅದೇ ಅಭ್ಯಾಸ ಅವರಿಗೂ ಬಂದಿತ್ತು.

ಬುಟ್ಟಿ ಹಿಡಿದು ಬರುವುದನ್ನು ಪಕ್ಕದ ಮನೆಯ ಸಫಿಯಾ ನೋಡಿದಳು. ಎರಡು ಹಿತ್ತಲುಗಳ ನಡುವೆ ಮುರಕಲ್ಲಿನ ಗಿಡ್ಡ ಗೋಡೆ. ಅವಳು ಕಾಪುವಿನಿಂದ ಮದುವೆಯಾಗಿ ಬಂದವಳು. ಗಂಡ ಅಬ್ದುಲ್ ವಹಾಬ್‌ಗೆ ದುಬೈಯ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಹಾಸಿಗೆ ಹಿಡಿದ ಅತ್ತೆ, ಅವಳು ಮಾಮಿ ಎನ್ನುವ ಬೀಪಾತುಮ್ಮ, ಇಬ್ಬರೇ. ಪುಷ್ಪಾವತಿ ಹೋದ ಮೇಲೆ ಸಫಿಯಾ ಮಾಸ್ಟ್ರೊಂದಿಗೆ ಮಾತಾಡಿದ್ದು ಬಹಳ ಕಡಿಮೆ. ಈಗ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗೋಡೆಯ ಹತ್ತಿರ ಬಂದಳು.

"ಬೊಳ್ಳಿಗೆ ಎಂತ ಆಯ್ತು ಮಾಸ್ಟ್ರೇ?"

"ಕಣ್ಣು ಹೋಯ್ತು."

ಅವಳು ಬಾಯಿಗೆ ಕೈ ಇಟ್ಟಳು. ಏನೋ ಹೇಳಹೊರಟು ನಿಲ್ಲಿಸಿದಳು. ಮಾಸ್ಟ್ರು ಒಳಗೆ ಹೋದರು.

ಆ ವರ್ಷದ ಕೊನೆಗೆ ಅಬ್ದುಲ್ ವಹಾಬ್ ರಜೆಯಲ್ಲಿ ಬಂದು ಹೋದ. ಅವನು ಹೋದ ಮಾರನೆಯ ವಾರ ಸಫಿಯಾ ಗೋಡೆಯ ಮೇಲೆ ಒಂದು ದಪ್ಪ ಕಾಗದದ ಚೀಲ ಇಟ್ಟು ಮಾಸ್ಟ್ರನ್ನು ಕರೆದಳು. ಚೀಲದ ಮೇಲೆ ಕೊಬ್ಬಿದ ಹಳದಿ ಬೆಕ್ಕಿನ ಚಿತ್ರ.

"ಇದು ಬೊಳ್ಳಿಗೆ. ಬೆಕ್ಕಿನ ಬಿಸ್ಕತ್ತು. ಅವರ ಅಂಗಡಿಯಲ್ಲಿ ಇದಕ್ಕೇ ಒಂದು ಕಪಾಟು ಉಂಟಂತೆ. ತರ್ಲಿಕ್ಕೆ ಹೇಳಿದ್ದೆ. ಸೆಂಟಿನ ಬಾಟ್ಲಿಗೆ ಇರುವ ಜಾಗದಲ್ಲಿ ಬೆಕ್ಕಿನ ತಿಂಡಿಯಾ ಅಂತ ಬೈದರು. ಆದರೂ ತಂದರು."

ಮಾಸ್ಟ್ರು ಒಂದು ಹಿಡಿ ತೆಗೆದು ನೋಡಿದರು. ಕಂದು ಬಣ್ಣದ ಸಣ್ಣ ಸಣ್ಣ ತುಂಡು, ಒಣಗಿದ್ದು, ಮಕ್ಕಳು ತಿನ್ನುವ ಖಾರದ ಕಡ್ಡಿಯಂತೆ ಗರಿಗರಿ. ಮೀನಿನಂತೆ ಕಾಣಿಸುವುದು ಏನೂ ಇಲ್ಲ. ಅವರ ಮುಖ ಸ್ವಲ್ಪ ಸಡಿಲವಾಯಿತು. ಅಭ್ಯಾಸಬಲದಿಂದ ಕನ್ನಡಕ ಹಾಕಿ ಚೀಲದ ಪಕ್ಕದ ಸಣ್ಣ ಅಕ್ಷರ ಓದತೊಡಗಿದರು.

"ಹಳದಿ ಜೋಳದ ಪುಡಿ. ಸೋಯಾ ಹಿಂಡಿ. ಗೋಧಿ..." ಎಂದು ಹೇಳುತ್ತಾ ಹೋಗಿ ತಟ್ಟನೆ ನಿಂತರು. "ಇದರಲ್ಲಿ ಮೀನುಂಟು ಸಫಿಯಾ. ಮೀನಿನ ಪುಡಿ. ಕೋಳಿಯದ್ದೂ ಉಂಟು. ಪ್ರಾಣಿಕೊಬ್ಬು ಅಂತ ಬರೆದಿದ್ದಾರೆ."

"ಪುಡಿ ಅಲ್ವಾ? ಪುಡಿ ಆದ ಮೇಲೆ ಮೀನು ಎಲ್ಲಿ ಉಳಿಯಿತು ಮಾಸ್ಟ್ರೇ?"

"ಪುಡಿಯಾದರೂ ಮೀನೇ."

"ಯಾವ ಪ್ರಾಣಿಯ ಕೊಬ್ಬು ಅಂತ ಉಂಟಾ?" ಈಗ ಅವಳ ದನಿಯಲ್ಲಿ ಬೇರೆ ಆತಂಕ ಬಂತು.

"ಬರೆದಿಲ್ಲ."

ಸಫಿಯಾ ಚೀಲವನ್ನು ತನ್ನ ಕಡೆಗೆ ತಿರುಗಿಸಿದಳು. ಆ ಬದಿಯಲ್ಲಿ ಅರಬಿ ಅಕ್ಷರಗಳಿದ್ದವು. ಮದ್ರಸದಲ್ಲಿ ಓದಲು ಕಲಿತಿದ್ದಳು. ಅರ್ಥ ಮಾತ್ರ ಅಲ್ಲೊಂದು ಇಲ್ಲೊಂದು ಗೊತ್ತು. ಅಕ್ಷರದ ಮೇಲೆ ಬೆರಳಿಟ್ಟು ತಡವರಿಸಿದಳು.

"ಇದರಲ್ಲಿ ಅಕ್ಷರದ ಮೇಲೆ ಕೆಳಗೆ ಸ್ವರದ ಗುರುತು ಹಾಕಲಿಲ್ಲ. ಓದ್ಲಿಕ್ಕೆ ಕಷ್ಟ... ಸಮಕ್. ಇದು ಮೀನು, ಅವರು ಹೇಳಿಕೊಟ್ಟಿದ್ದರು. ಇದು ಹಯವಾನ್. ಪ್ರಾಣಿ." ಕೊನೆಯ ಸಾಲಿನವರೆಗೂ ತುಟಿ ಆಡಿಸುತ್ತಾ ಹೋಗಿ ಉಸಿರು ಬಿಟ್ಟಳು. "ಹಂದಿಯ ಹೆಸರು ಎಲ್ಲೂ ಇಲ್ಲ. ಇದ್ದರೆ ನನಗೆ ಗೊತ್ತಾಗ್ತಿತ್ತು. ಅಲ್ಲಿ ಅದನ್ನು ಹಾಕ್ಲಿಕ್ಕೂ ಇಲ್ಲ."

"ನಿನ್ನ ಕಡೆ ಪಾಸಾಯ್ತು ಹಾಗಾದರೆ," ಎಂದರು ಮಾಸ್ಟ್ರು. "ನನ್ನ ಕಡೆ ಇಲ್ಲ."

ಅವಳು ಇಂಗ್ಲಿಷಿನ ಬದಿಯನ್ನು ತೋರಿಸಿ ಕೇಳಿದಳು: "ಇಲ್ಲಿ ಕೆಳಗೆ ಲೆಕ್ಕ ಹಾಕಿದ್ದು ಎಂತ?"

"ಪ್ರೊಟೀನ್ ಎಷ್ಟು, ಕೊಬ್ಬು ಎಷ್ಟು, ನಾರು ಎಷ್ಟು, ತೇವ ಎಷ್ಟು. ಬೂದಿ ಎಷ್ಟು."

"ಬೂದಿ ಯಾಕೆ ಹಾಕ್ತಾರೆ ತಿಂಡಿಗೆ?"

"ಹಾಕುವುದಲ್ಲ. ಸುಟ್ಟು ನೋಡ್ತಾರೆ. ಎಲ್ಲ ಸುಟ್ಟುಹೋದ ಮೇಲೆ ಉಳಿಯುವುದು ಬೂದಿ. ಎಲುಬಿನ ಅಂಶ, ಉಪ್ಪಿನ ಅಂಶ."

ಚೀಲ ಬೇಡವೆಂದು ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಅಷ್ಟು ದೂರದಿಂದ ತಂದದ್ದು. ಒಳಗೆ ಒಯ್ದು ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟರು.

ಬೊಳ್ಳಿಗೆ ಅದು ಗೊತ್ತಾಯಿತು. ಮನುಷ್ಯರ ಮೂಗಿಗೆ ಹತ್ತದ ವಾಸನೆ ಕುರುಡು ಬೆಕ್ಕಿನ ಮೂಗಿಗೆ ಹತ್ತಿತು. ಹಲಗೆಯ ಕೆಳಗೆ ಕೂತು ಮೇಲಕ್ಕೆ ಮುಖ ಎತ್ತಿ ಕೂಗಿತು. ಹಾಲನ್ನ ಇಟ್ಟರೆ ಮೂಸಿ ಬಿಟ್ಟಿತು. ಎರಡನೆಯ ದಿನವೂ ಹಾಗೆಯೇ. ಮಾಸ್ಟ್ರು ಬೆಕ್ಕನ್ನು ತೊಡೆಯ ಮೇಲೆ ಕೂರಿಸಿ, ಕಾಣದ ಕಣ್ಣುಗಳನ್ನು ನೋಡುತ್ತಾ, "ನಾನು ಎಂತ ಮಾಡ್ಲಿ ಹೇಳು," ಎಂದರು.

ಮುದ್ರಿಸಿದ್ದೆಲ್ಲ ನಿಜವಿರಲೇಬೇಕೆಂದಿಲ್ಲ ಎಂಬ ಆಸೆ ಅವರಲ್ಲಿ ಹುಟ್ಟಿತು. ಮೀನು ಎಂದು ಬರೆದು ಬರೀ ಜೋಳ ತುಂಬಿರಬಹುದು. ಅಂಗಡಿಯವರು ಹಾಗೆ ಮಾಡುವುದುಂಟಲ್ಲ. ಮೂರನೆಯ ದಿನ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಹಾಸಿ ಕೂತರು. ನಾಲ್ಕು ತುಂಡುಗಳನ್ನು ಕಲ್ಲಿನಲ್ಲಿ ಜಜ್ಜಿ ಪುಡಿಮಾಡಿದರು. ಸ್ವಲ್ಪಕ್ಕೆ ಗಾಯದ ಟಿಂಚರ್ ಅಯೋಡಿನ್ ಬಿಟ್ಟರು, ಕಡುನೀಲಿಯಾಯಿತು. "ಪಿಷ್ಟ ಉಂಟು," ಎಂದರು ಗಟ್ಟಿಯಾಗಿ. ಸ್ವಲ್ಪವನ್ನು ಕಾಗದದ ಮೇಲೆ ಒತ್ತಿ ತಿಕ್ಕಿ ಬೆಳಕಿಗೆ ಹಿಡಿದರು. ಎಣ್ಣೆಯ ಕಲೆ ಮಿನುಗಿತು. "ಕೊಬ್ಬು ಉಂಟು. ಈಗ ಮೂರನೆಯದ್ದು, ಸರಿಯಾಗಿ ಗಮನಿಸಿ..."

ಯಾರಿಗೆ ಹೇಳುತ್ತಿದ್ದೇನೆಂದು ಆಗ ಅರಿವಾಯಿತು. ಮೇಜಿನ ಆಚೆ ಯಾರೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹಳೆಯ ಚಮಚದಲ್ಲಿ ಪುಡಿ ಹಾಕಿ ಸ್ಟವ್ವಿನ ಉರಿಗೆ ಹಿಡಿದರು. ಕೂದಲು ಸುಟ್ಟ ನಾತ ಎದ್ದಿತು. ಸೋಯಾದಲ್ಲೂ ಪ್ರೊಟೀನ್ ಉಂಟಲ್ಲ, ಅದೂ ಹೀಗೆಯೇ ನಾರಬಹುದು ಎಂದು ತಮ್ಮೊಂದಿಗೆ ತಾವೇ ವಾದ ಮಾಡಿದರು. ವಾದ ಮುಗಿಯುವ ಮೊದಲೇ ಬೊಳ್ಳಿ ಕುರ್ಚಿ ತಡವಿ ಹತ್ತಿ, ಮೇಜು ಹತ್ತಿ, ಪೇಪರಿನ ಮೇಲೆ ಉಳಿದಿದ್ದ ಪುಡಿಯನ್ನು ನೆಕ್ಕತೊಡಗಿತು. ಮಾಸ್ಟ್ರು ಎತ್ತಿ ಕೆಳಗಿಡಲು ಕೈ ಚಾಚಿದರು. ಚಾಚಿದ ಕೈಯನ್ನು ಹಾಗೆಯೇ ಹಿಂದೆಗೆದುಕೊಂಡರು. ಬೆಕ್ಕು ಪೇಪರನ್ನೂ ನೆಕ್ಕಿ ತೂತು ಮಾಡಿತು.

ಮರುದಿನ ಬೆಳಿಗ್ಗೆ ಚೀಲವನ್ನು ಜೋಳಿಗೆಯಲ್ಲಿಟ್ಟು ಮಣಿಪಾಲದ ಬಸ್ಸು ಹತ್ತಿದರು. ಅವರ ಹಳೆಯ ವಿದ್ಯಾರ್ಥಿ ಲಿಯೋನೆಲ್ ಅಲ್ಲಿ ಜೀವರಸಾಯನ ಕಲಿಸುತ್ತಿದ್ದ. ಮಾಸ್ಟ್ರನ್ನು ನೋಡಿ ಎದ್ದುನಿಂತ. ಕುರ್ಚಿ ಒರೆಸಿ ಕೂರಿಸಿದ. ಬಂದ ಕಾರಣ ಕೇಳಿ ನಗಲಿಲ್ಲ.

"ಸರ್, ಹೆಚ್ಚು ಇರುವುದನ್ನು ಮೊದಲು ಬರೀತಾರೆ," ಎಂದು ಚೀಲವನ್ನು ಓದುತ್ತಾ ಹೇಳಿದ. "ಇಲ್ಲಿ ಮೊದಲು ಜೋಳ, ಆಮೇಲೆ ಸೋಯಾ. ಮೀನು ನಾಲ್ಕನೆಯದ್ದು. ಪ್ರೊಟೀನ್ ಮೂವತ್ತು ಪರ್ಸೆಂಟ್ ಅಂತ ಉಂಟು, ನೋಡ್ಲಿಕ್ಕೆ ಒಳ್ಳೆ ಸಂಖ್ಯೆ. ಆದರೆ ಅದರಲ್ಲಿ ಜೋಳದ್ದೂ ಸೋಯಾದ್ದೂ ಸೇರಿತು. ಬೆಕ್ಕಿಗೆ ಪ್ರೊಟೀನ್ ಎಷ್ಟು ಅನ್ನುವುದಕ್ಕಿಂತ ಎಲ್ಲಿಂದ ಬಂತು ಅನ್ನುವುದು ಮುಖ್ಯ. ನನ್ನನ್ನು ಕೇಳಿದರೆ ಇದಕ್ಕಿಂತ ದಿನಕ್ಕೆ ಎರಡು ಬೂತಾಯಿ ಮೀನು ಒಳ್ಳೆಯದು."

"ಮೀನು ಬಿಟ್ಟು ಹೇಳು."

ಲಿಯೋನೆಲ್ ಒಳಗೆ ಹೋಗಿ ದಪ್ಪ ಪತ್ರಿಕೆಯೊಂದನ್ನು ಹುಡುಕಿ ತಂದ. ಅಮೆರಿಕದವರ ಪ್ರಯೋಗ. "ಟಾರೀನ್ ಅಂತ ಒಂದು ವಸ್ತು ಸರ್. ನಮ್ಮ ದೇಹ, ನಾಯಿಯ ದೇಹ ಅದನ್ನು ಸ್ವತಃ ತಯಾರಿಸಿಕೊಳ್ತದೆ. ಬೆಕ್ಕಿಗೆ ಬೇಕಾದಷ್ಟು ತಯಾರಿಸ್ಲಿಕ್ಕೆ ಆಗುವುದಿಲ್ಲ. ತಿಂದೇ ಪಡೆಯಬೇಕು. ಅದು ಇಲ್ಲದಿದ್ದರೆ ಕಣ್ಣಿನ ಒಳಪದರ ನಿಧಾನವಾಗಿ ಸಾಯ್ತದೆ. ಮೀನಿನಲ್ಲಿ, ಮಾಂಸದಲ್ಲಿ ಉಂಟು. ಹಾಲಿನಲ್ಲಿ ಬಹಳ ಸ್ವಲ್ಪ. ಅನ್ನದಲ್ಲಿ, ಕಾಳಿನಲ್ಲಿ ಇಲ್ಲ."

"ಬಾಟ್ಲಿಯಲ್ಲಿ ಸಿಗುವುದಿಲ್ಲವಾ?"

"ಹೊರದೇಶದಿಂದ ತರಿಸ್ಬೇಕು. ಲ್ಯಾಬಿಗೆ ಅಂತ ಬರೆದರೂ ಯಾವಾಗ ಬರ್ತದೋ ದೇವರಿಗೇ ಗೊತ್ತು."

"ಕಣ್ಣು ವಾಪಸ್ ಬರ್ತದಾ?"

"ಇಲ್ಲ ಸರ್. ಇನ್ನೂ ಸೊರಗದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ." ಲಿಯೋನೆಲ್ ಪತ್ರಿಕೆ ಮಡಚಿದ. ಆಮೇಲೆ ಏನೋ ನೆನಪಾದವನಂತೆ ಕೇಳಿದ: "ಬೆಕ್ಕಿಗೆ ವಯಸ್ಸೆಷ್ಟು?"

"ಒಂಬತ್ತು ತುಂಬಿತು."

"ಮೊದಲಿನಿಂದ ಹಾಲು ಅನ್ನವೇ?"

"ಮೊದಲಿನಿಂದ."

"ಹಾಗಾದರೆ ಎರಡು ವರ್ಷಕ್ಕೇ ಕಣ್ಣು ಹೋಗಬೇಕಿತ್ತು ಸರ್. ಇಷ್ಟು ವರ್ಷ ಹೇಗೆ ಉಳಿಯಿತು? ಒಂದು ಇಲಿ, ಹಲ್ಲಿಯಲ್ಲಿ ಮುಗಿಯುವ ಲೆಕ್ಕ ಅಲ್ಲ ಇದು. ಎಲ್ಲಿಯೋ ಚೆನ್ನಾಗಿ ಮೀನು ತಿಂತಾ ಇತ್ತು. ಈಗ ಅದು ತಪ್ಪಿದೆ."

ಮಾಸ್ಟ್ರು ಚೀಲವನ್ನು ಜೋಳಿಗೆಗೆ ಹಾಕಿಕೊಂಡರು. ಲಿಯೋನೆಲ್ ಊಟಕ್ಕೆ ಕರೆದರೆ ಬೇಡವೆಂದು ಬಸ್ಸು ಹತ್ತಿದರು. ಪರ್ಕಳ, ಹಿರಿಯಡ್ಕ, ಬೈಲೂರು ಹಿಂದೆ ಹೋದವು. ಮಧ್ಯಾಹ್ನವಾದರೆ ಹಿತ್ತಲ ಬಾಗಿಲಲ್ಲಿ ಕೂಗುತ್ತಿದ್ದ ಬೆಕ್ಕು. ತಾವು ಶಾಲೆಯಲ್ಲಿರುವ ಹೊತ್ತು. ಗೋಡೆಯ ಆಚೆಗಿನ ಅಡುಗೆಮನೆ. ಕಾರ್ಕಳ ಬರುವಷ್ಟರಲ್ಲಿ ಅವರಿಗೆ ಕೇಳಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಕೇಳಿದರು.

"ಸಫಿಯಾ, ಬೊಳ್ಳಿ ನಿನ್ನಲ್ಲಿ ಮೀನು ತಿಂತಿತ್ತಾ?"

ಬಟ್ಟೆ ಒಣಗಿಸುತ್ತಿದ್ದ ಅವಳು ಕೈಯಲ್ಲಿದ್ದ ಸೀರೆಯನ್ನು ಹಾಗೆಯೇ ಹಿಡಿದುಕೊಂಡಳು.

"ಹೌದು ಮಾಸ್ಟ್ರೇ."

"ಪುಷ್ಪಾವತಿಗೆ ಗೊತ್ತಿತ್ತಾ?"

"ಪುಷ್ಪಕ್ಕನೇ ಎತ್ತಿಕೊಂಡು ಬರ್ತಿದ್ದರು." ಇನ್ನು ಮುಚ್ಚಿಡುವುದು ಬೇಡವೆಂದು ಅವಳಿಗೆ ಅನಿಸಿರಬೇಕು, ಒಂದೇ ಉಸಿರಿಗೆ ಹೇಳಿದಳು. "ಮರಿ ಇದ್ದಾಗ ಒಮ್ಮೆ ಸೊರಗಿ ಸಾಯ್ಲಿಕ್ಕೆ ಆಗಿತ್ತು. ಆಗ ನಮ್ಮ ಮಾಮಿ ಹೇಳಿದ್ದು, ಹುಲಿಯ ಜಾತಿಗೆ ಹಾಲು ಕೊಟ್ಟರೆ ಬದುಕ್ತದಾ ಅಂತ. ಆವತ್ತಿನಿಂದ ದಿನಾ ಮಧ್ಯಾಹ್ನ. ನಾನು ಬೂತಾಯಿ ಹಾಕ್ತಿದ್ದೆ. ಅವರು ಆ ಒಗೆಯುವ ಕಲ್ಲಿನ ಮೇಲೆ ಬೆನ್ನು ಹಾಕಿ ಕೂರ್ತಿದ್ದರು. ತಿಂದಾದ ಮೇಲೆ ಅದರ ಬಾಯಿ ಒರೆಸಿ, ತಾವೂ ಕೈಕಾಲು ತೊಳೆದುಕೊಂಡು ಹೋಗುವುದು. ಮಾಸ್ಟ್ರಿಗೆ ಹೇಳ್ಬೇಡ ಅಂತ ನನ್ನ ಹತ್ತಿರ ಭಾಷೆ ತೆಗೆದುಕೊಂಡಿದ್ದರು."

"ಯಾಕೆ ಹೇಳ್ಬಾರದು?"

"ನೀವು ಶಾಲೆಯಲ್ಲಿ ಎಲ್ಲರಿಗೆ ಖುಷಿಯಲ್ಲಿ ಹೇಳಿದ್ದೀರಂತೆ. ನಿಮಗೆ ಅವಮಾನ ಆಗ್ಬಾರದು ಅಂತ."

ಮಾಸ್ಟ್ರು ಗೋಡೆಯ ಮೇಲೆ ಕೈ ಊರಿದರು.

"ಅವರು ಹೋದ ಮೇಲೆ ನೀವು ಬಾಗಿಲು ಹಾಕಿದಿರಿ. ನಿಮಗೆ ಗೊತ್ತಾಗಿ ಸಿಟ್ಟಿನಲ್ಲಿ ಹಾಕಿದ್ದು ಅಂತ ತಿಳಿದೆ. ಅದಕ್ಕೇ ಮಾತಾಡಲಿಲ್ಲ. ಆ ಚೀಲ ತರಿಸಿದ್ದು... ಅದಾದರೆ ಭಾಷೆಯೂ ಮುರಿಯುವುದಿಲ್ಲ, ಬೆಕ್ಕೂ ಬದುಕ್ತದೆ ಅಂತ."

ಸಿಟ್ಟು ಬರಬೇಕಿತ್ತು. ಮಾಸ್ಟ್ರು ಅದಕ್ಕಾಗಿ ಕಾದರು. ಬಂದದ್ದು ಬೇರೆಯೇ. ಅಷ್ಟು ವರ್ಷ, ದಿನವೂ ಮಧ್ಯಾಹ್ನ, ತಾನಿಲ್ಲದ ಒಂದು ಗಂಟೆ ಪುಷ್ಪಾವತಿಗೆ ಇಲ್ಲಿತ್ತು.

"ಅಷ್ಟು ಹೊತ್ತು ನೀವಿಬ್ಬರೂ ಎಂತ ಮಾತಾಡ್ತಿದ್ದಿರಿ?"

"ಹೀಗೇ. ಎಂತ ಉಂಟು ಹೆಂಗಸರ ಮಾತು." ಸಫಿಯಾಳ ಮುಖದಲ್ಲಿ ಸಣ್ಣ ನಗು ಮೂಡಿತು. "ಪುಷ್ಪಕ್ಕ ತುಂಬಾ ನಗಾಡ್ತಿದ್ದರು ಮಾಸ್ಟ್ರೇ. ನಗ್ಲಿಕ್ಕೆ ಶುರು ಮಾಡಿದರೆ ನಿಲ್ಲಿಸ್ಲಿಕ್ಕೆ ಆಗ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಳ್ತಿದ್ದರು."

ಮಾಸ್ಟ್ರು ಮನೆಗೆ ಬಂದು ಮಂಚದ ಮೇಲೆ ಕೂತರು. ನಗುತ್ತಿರುವ ಪುಷ್ಪಾವತಿಯನ್ನು ನೆನಪಿಗೆ ತರಲು ನೋಡಿದರು. ಮುಗುಳುನಗೆ ಸಿಕ್ಕಿತು. ತಡೆಯಲಾಗದ ನಗು ಎಷ್ಟು ಹುಡುಕಿದರೂ ಸಿಗಲಿಲ್ಲ. ಅಂದು ಹೊತ್ತು ಮುಳುಗಿದ್ದು ಅವರಿಗೆ ತಿಳಿಯಲಿಲ್ಲ. ಮುಳುಗಿದ ಮೇಲೆ ಉಣ್ಣುವಂತಿರಲಿಲ್ಲ, ಹಾಗೆಯೇ ಮಲಗಿದರು.

ಮರುದಿನ ಮಧ್ಯಾಹ್ನ ಹಿತ್ತಲ ಬಾಗಿಲಿನ ಅಗಳಿ ತೆಗೆದರು. ತುಕ್ಕು ಹಿಡಿದಿತ್ತು; ಕಲ್ಲಿನಿಂದ ಕುಟ್ಟಬೇಕಾಯಿತು. ಬೊಳ್ಳಿಯನ್ನು ಎತ್ತಿಕೊಂಡು ಗೋಡೆಯ ಸಂದಿಯಿಂದ ಪಕ್ಕದ ಹಿತ್ತಲಿಗೆ ಕಾಲಿಟ್ಟರು. ಸಫಿಯಾ ತಟ್ಟೆಯಲ್ಲಿ ಬೇಯಿಸಿದ ಬೂತಾಯಿ ತಂದಿಟ್ಟಳು. ಬೆಕ್ಕು ಅವರ ಕೈಯಿಂದ ಜಿಗಿದು, ಕಣ್ಣಿದ್ದ ಕಾಲದ ಹಾಗೆ ನೇರವಾಗಿ ತಟ್ಟೆಗೆ ಹೋಯಿತು.

ಮಾಸ್ಟ್ರು ಒಗೆಯುವ ಕಲ್ಲಿನ ಮೇಲೆ ಬಾಳೆಯ ಬುಡದ ಕಡೆಗೆ ಮುಖ ಮಾಡಿ ಕೂತರು. ಹಿಂದಿನಿಂದ ಎಲುಬು ಕಡಿಯುವ ಸದ್ದು. ಪಂಚೆಯ ತುದಿಯನ್ನು ಮೂಗಿಗೆ ಹಿಡಿದು ಕೂತೇ ಇದ್ದರು.

ಒಳಗಿನ ಕೋಣೆಯಿಂದ ಬೀಪಾತುಮ್ಮ ಕೂಗಿ ಕೇಳಿದರು: "ಯಾರು ಸಫಿಯಾ? ಪುಷ್ಪ ಬಂದಳಾ?"

"ಅಲ್ಲ ಮಾಮಿ. ಮಾಸ್ಟ್ರು."

"ಪುಷ್ಪ ಯಾಕೆ ಬರ್ಲಿಲ್ಲ?"

ಸಫಿಯಾ ತಟ್ಟೆಗೆ ಇನ್ನೊಂದು ಬೂತಾಯಿ ಹಾಕಿದಳು.

ಆಮೇಲೆ ಅದು ದಿನಚರಿಯಾಯಿತು. ಬೊಳ್ಳಿಯ ಬೆನ್ನೆಲುಬಿನ ಮೇಲೆ ಮಾಂಸ ತುಂಬಿತು, ರೋಮ ನಯವಾಯಿತು. ಕಣ್ಣು ಮಾತ್ರ ಹಾಗೆಯೇ. ಮಾಸ್ಟ್ರು ಬೆನ್ನು ಹಾಕಿ ಕೂತಿರುವಾಗ ಸಫಿಯಾ ಪಾತ್ರೆ ತಿಕ್ಕುತ್ತಾ ಪುಷ್ಪಾವತಿಯ ಮಾತು ಹೇಳುತ್ತಿದ್ದಳು. ಅವಳಿಗೆ ಸಮುದ್ರ ನೋಡುವ ಆಸೆಯಿತ್ತಂತೆ, ಕಾಪುವಿಗೆ ಒಮ್ಮೆ ಬರುತ್ತೇನೆ ಎನ್ನುತ್ತಿದ್ದಳಂತೆ. ಮದುವೆಯ ಹೊಸತರಲ್ಲಿ ಮಾಸ್ಟ್ರ ಕನ್ನಡಕದ ಮೇಲೆ ಕೂತುಬಿಟ್ಟು, ಬೆಕ್ಕೇ ಇಲ್ಲದ ಮನೆಯಲ್ಲಿ ಬೆಕ್ಕು ಬೀಳಿಸಿತು ಎಂದು ಹೇಳಿದ್ದಳಂತೆ, ಅವರು ನಂಬಿದ್ದರಂತೆ. ಮಾಸ್ಟ್ರಿಗೆ ಕನ್ನಡಕ ಒಡೆದದ್ದು ನೆನಪಿತ್ತು. ನಂಬಿದ್ದು ನೆನಪಿರಲಿಲ್ಲ. ದಿನಕ್ಕೆ ಒಂದು ಮಾತು ಸಿಕ್ಕಿದರೆ ಸಾಕಾಗುತ್ತಿತ್ತು. ಅದನ್ನು ಮನೆಗೆ ತಂದು ಸಂಜೆಯವರೆಗೆ ಇಟ್ಟುಕೊಳ್ಳುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಬೀಪಾತುಮ್ಮ ತೀರಿಕೊಂಡರು. ಮನೆ ವಹಾಬನ ಅಣ್ಣಂದಿರ ಪಾಲಿಗೆ ಹೋಯಿತು. ಸಫಿಯಾ ಕಾಪುವಿನ ತವರಿಗೆ ಹೊರಟಳು. ಹೊರಡುವ ಮೊದಲು ಗೋಡೆಯ ಬಳಿ ಬಂದಳು.

"ಆ ಚೀಲದ್ದು ಇನ್ನೂ ಉಂಟಲ್ಲ ಮಾಸ್ಟ್ರೇ. ಮುಗಿಯುವಾಗ ಬೇರೆ ತರಿಸ್ತೇನೆ. ಬಡಿಸಿದರೆ ಆಯಿತು. ನೋಡ್ಲಿಕ್ಕೆ ಬಿಸ್ಕತ್ತೇ ಅಲ್ವಾ?"

ಮಾಸ್ಟ್ರು ಹಿಂದಿನ ದಿನವೇ ಅದನ್ನು ಯೋಚಿಸಿದ್ದರು. ಚೀಲ ತೆಗೆದು, ತಟ್ಟೆಗೆ ಸುರಿಯಲು ಬಗ್ಗಿ, ಹಾಗೆಯೇ ಬಹಳ ಹೊತ್ತು ನಿಂತಿದ್ದರು. ಮನೆಯೊಳಗೆ, ತಮ್ಮ ಕೈಯಿಂದ, ಓದಿ ತಿಳಿದ ಮೇಲೆ. ಸುರಿಯಲು ಕೈ ಬರಲಿಲ್ಲ. ಸುರಿದರೂ ಮುಂದಿನ ಚೀಲ ಬರುವುದು ವಹಾಬ್ ಮತ್ತೆ ರಜೆಯಲ್ಲಿ ಬಂದಾಗಲೇ.

"ಬೊಳ್ಳಿಯನ್ನು ನೀನೇ ಕೊಂಡುಹೋಗು," ಎಂದರು.

"ನೀವೊಬ್ಬರೇ ಆಗ್ತೀರಿ."

"ಇಲ್ಲಿದ್ದರೆ ನನಗೆ ಒಳ್ಳೆಯದು. ಅದಕ್ಕಲ್ಲ."

ಅವಳು ಬುಟ್ಟಿಗೆ ಹಳೆಯ ಬಟ್ಟೆ ಹಾಸಿದಳು. ಬೆಕ್ಕನ್ನು ಅದರಲ್ಲಿ ಇಟ್ಟವರು ಮಾಸ್ಟ್ರೇ. ಟ್ಯಾಕ್ಸಿ ಓಣಿಯ ತಿರುವು ದಾಟುವವರೆಗೆ ಒಳಗಿನಿಂದ ಕೂಗು ಕೇಳಿಸುತ್ತಿತ್ತು.

ಆ ತಿಂಗಳುಗಳನ್ನು ಅವರು ಹೇಗೆ ಕಳೆದರೆಂದು ಹೇಳಲು ಹೆಚ್ಚೇನೂ ಇಲ್ಲ. ಅನ್ನದ ಅಳತೆ ತಪ್ಪಿ ದಿನವೂ ಒಂದು ಹಿಡಿ ಉಳಿಯುತ್ತಿತ್ತು. ಕಾಗೆಗೆ ಹಾಕುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೆಳ್ಮಣ್ ಮಾರ್ಗದ ಬಸ್ಸಿನಲ್ಲಿ ಪಡುಬಿದ್ರಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿದರು. ಎರ್ಮಾಳಿನಲ್ಲಿ ಎಡಕ್ಕೆ ಸಮುದ್ರ ಕಾಣಿಸಿತು. ಪುಷ್ಪಾವತಿಯನ್ನು ಒಮ್ಮೆಯಾದರೂ ಕರೆತರಬಹುದಿತ್ತು. ಎರಡು ಬಸ್ಸಿನ ದಾರಿ. ಕಾಪುವಿನಲ್ಲಿ ಇಳಿದು ಕೇಳಿಕೊಂಡು ಸಫಿಯಾಳ ಮನೆ ಸೇರುವಾಗ ಮಧ್ಯಾಹ್ನ ದಾಟಿತ್ತು.

ಬೊಳ್ಳಿ ಜಗಲಿಯಲ್ಲಿ ಮಲಗಿತ್ತು. ದಪ್ಪವಾಗಿತ್ತು. ಮಾಸ್ಟ್ರು ಹೆಸರು ಹಿಡಿದು ಕರೆದರು. ಕಿವಿ ಮಾತ್ರ ತಿರುಗಿತು. ಹತ್ತಿರ ಕೂತು ಕೈ ಚಾಚಿದಾಗ ಬೆರಳುಗಳನ್ನು ಒಂದೊಂದಾಗಿ ಮೂಸಿ, ಹಣೆಯನ್ನು ಒಮ್ಮೆ ಅಂಗೈಗೆ ಉಜ್ಜಿತು. ಒಳಗೆ ಬಾಣಲೆಯಲ್ಲಿ ಎಣ್ಣೆ ಚುರ್ರೆಂದಿತು. ಬೆಕ್ಕು ಎದ್ದು, ಹೊಸ್ತಿಲು ಎಲ್ಲಿದೆ ಎಂದು ಗೊತ್ತಿರುವ ಹಾಗೆ ದಾಟಿ, ಅಡುಗೆಮನೆಗೆ ಹೋಯಿತು.

"ಅದಕ್ಕೆ ಮೀನಿನ ಮುಂದೆ ಯಾರೂ ಇಲ್ಲ," ಎಂದು ಸಫಿಯಾ ನಾಚಿಕೆಯಿಂದ ಹೇಳಿದಳು. ಮಾಸ್ಟ್ರು ತನ್ನ ಮನೆಯಲ್ಲಿ ಏನೂ ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತು. ಎಳನೀರಿನ ಬೊಂಡ ಕೆತ್ತಿಸಿ ತಂದುಕೊಟ್ಟಳು. ಇಬ್ಬರೂ ಜಗಲಿಯ ಎರಡು ತುದಿಯಲ್ಲಿ ಕೂತರು. ವಹಾಬನ ರಜೆಗೆ ಇನ್ನೂ ಒಂದು ವರ್ಷ ಉಂಟಂತೆ. ಅವಳ ತಮ್ಮಂದಿರು ಅಂಗಡಿಗೆ ಹೋದರೆ ರಾತ್ರಿಯೇ ಬರುವುದಂತೆ.

"ಇಲ್ಲಿ ಯಾರು ಮಾತಿಗೆ?" ಎಂದು ಮಾಸ್ಟ್ರು ಕೇಳಿದರು.

"ಬೊಳ್ಳಿ ಉಂಟಲ್ಲ."

ತೆಂಗಿನ ನೆರಳು ಅಂಗಳದಲ್ಲಿ ಉದ್ದವಾಗುತ್ತಿತ್ತು. ಸಫಿಯಾ ಅದನ್ನು ನೋಡಿ ಅವರಿಗಾಗಿ ಆತುರಪಟ್ಟಳು.

"ಈಗ ಹೊರಟರೂ ನಿಮಗೆ ಊಟದ ಹೊತ್ತು ತಪ್ಪುತ್ತದೆ ಮಾಸ್ಟ್ರೇ."

"ತಪ್ಪಲಿ," ಎಂದರು. ಆದರೂ ಎದ್ದರು. ಚಪ್ಪಲಿ ಹಾಕಿಕೊಂಡು ತಿರುಗಿ ನಿಂತರು. ಪುಷ್ಪಾವತಿ ಅವರನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ. ಆ ಒಗೆಯುವ ಕಲ್ಲಿನ ಮೇಲೆ ಕೂತು ಅವರ ವಿಷಯ ಹೇಳುವಾಗ ಅವಳು ಅವರನ್ನು ಏನೆಂದು ಹೇಳುತ್ತಿದ್ದಳು? ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಅದೇ ಪ್ರಶ್ನೆ ಅವರ ನಾಲಿಗೆಯ ಮೇಲಿತ್ತು.

"ಒಂದು ಕೇಳ್ಲಿಕ್ಕಿತ್ತು ಸಫಿಯಾ."

"ಕೇಳಿ ಮಾಸ್ಟ್ರೇ."

ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಈಗ ಬೇಡ. ಇನ್ನೊಮ್ಮೆ ಬಂದಾಗ ಕೇಳ್ತೇನೆ."

"ಈಗಲೇ ಕೇಳಿದರೆ ಎಂತ?"

"ಇನ್ನೊಮ್ಮೆ ಬರ್ಲಿಕ್ಕೆ ಎಂತಾದರೂ ಬೇಕಲ್ಲ," ಎಂದು ಹೇಳಿ, ಕೊಡೆ ಬಗಲಲ್ಲಿ ಇಟ್ಟುಕೊಂಡು, ಅವರು ಬಸ್ಸಿನ ರಸ್ತೆಯ ಕಡೆಗೆ ನಡೆದರು.